ದಂಡಿನ ಡಾಕ್ಟರು ಜೇಮ್ಸ್ ಬ್ಯಾರಿಯವರ 55 ವರ್ಷಗಳ ಗುಟ್ಟು

ಲಂಡನ್‌ಗೆ ಹೋದ ಕನ್ನಡಿಗರು ಥೇಮ್ಸ್ ನದಿಯ ದಂಡೆಯಲ್ಲಿರುವ ಬಸವಣ್ಣನವರ ಪ್ರತಿಮೆಗೆ ಕೈಮುಗಿಯದೆ ಬರುವುದು ಅಪರೂಪ. ಅಲ್ಲಿಂದ ನದಿಗುಂಟ ಸ್ವಲ್ಪ ದೂರ ನಡೆದರೆ ಸೇಂಟ್ ಥಾಮಸ್ ಆಸ್ಪತ್ರೆ ಸಿಗುತ್ತದೆ. ಎರಡು ಶತಮಾನಗಳ ಹಿಂದೆ ಈ ಆಸ್ಪತ್ರೆ ಇದ್ದದ್ದು ಲಂಡನ್ ಸೇತುವೆಯ ಬಳಿ. 1812ರಲ್ಲಿ ಎಡಿನ್‌ಬರೊದಿಂದ ಎಂ.ಡಿ. ಪದವಿ ಪಡೆದು ಬಂದ ಒಬ್ಬ ಎಳೆಯ ಡಾಕ್ಟರು ಶಸ್ತ್ರಚಿಕಿತ್ಸೆ ಕಲಿಯಲು ಅಲ್ಲಿ ಸೇರಿದರು. ಐದು ಅಡಿಯ ಆಸುಪಾಸಿನ ಎತ್ತರ, ಮೀಸೆ ಮೂಡದ ಮುಖ, ತೆಳು ದನಿ. ಹೆಸರು ಜೇಮ್ಸ್ ಬ್ಯಾರಿ.

ಮರುವರ್ಷ ಬ್ರಿಟಿಷ್ ಸೇನೆಗೆ ಸೇರಿದ ಬ್ಯಾರಿ 46 ವರ್ಷ ದುಡಿದು, ಆಸ್ಪತ್ರೆಗಳ ಇನ್‌ಸ್ಪೆಕ್ಟರ್ ಜನರಲ್ ಎಂಬ ಉನ್ನತ ಹುದ್ದೆಯವರೆಗೆ ಏರಿದರು. 1865ರ ಜುಲೈ 25ರಂದು ಲಂಡನ್ನಿನಲ್ಲಿ ತೀರಿಕೊಂಡರು. ಶವಕ್ಕೆ ಸ್ನಾನ ಮಾಡಿಸಿದ ಕೆಲಸದಾಕೆ ಕೆಲವು ದಿನಗಳ ನಂತರ ಒಂದು ಸುದ್ದಿ ಹೊರಹಾಕಿದಳು: ಜನರಲ್ ಗಂಡಸಾಗಿರಲಿಲ್ಲ.

ಸೇನೆಗೆ ಯಾರು ಸೇರಬಹುದು, ಯಾರು ಸೇರಬಾರದು ಎಂಬ ವಾದ ಇಂದಿಗೂ ಹಲವು ದೇಶಗಳಲ್ಲಿ ನಡೆದಿದೆ. ನಮ್ಮವರ ಮಕ್ಕಳು ಹುಟ್ಟಿ ಬೆಳೆಯುತ್ತಿರುವ ಬ್ರಿಟನ್, ಅಮೆರಿಕ, ಕೆನಡಾಗಳಲ್ಲಿ ಆ ವಾದ ಮನೆಯ ಊಟದ ಮೇಜಿನವರೆಗೂ ಬಂದಿದೆ. ಆದ್ದರಿಂದ ಈ ವಾರ ಬ್ಯಾರಿಯವರ ಬದುಕನ್ನು ಹೇಳಲು ಹೊರಟಿದ್ದೇವೆ.

ಮೊದಲೇ ಒಂದು ಮಾತು. ಬ್ಯಾರಿಯವರ ಬಗ್ಗೆ ಇಂಗ್ಲಿಷಿನಲ್ಲಿ ಬರೆಯುವವರು ಅವನು ಎನ್ನಬೇಕೋ ಅವಳು ಎನ್ನಬೇಕೋ ಎಂದು ಪುಟಗಟ್ಟಲೆ ಜಗಳವಾಡಿದ್ದಾರೆ. ನಮ್ಮ ಭಾಷೆಯಲ್ಲಿ ಆ ಕಷ್ಟವಿಲ್ಲ. ಹಿರಿಯರನ್ನು, ಗೌರವಕ್ಕೆ ಅರ್ಹರಾದವರನ್ನು ನಾವು ಅವರು ಎನ್ನುತ್ತೇವೆ. ಅವರು ಬಂದರು, ಹೋದರು, ಮಾಡಿದರು ಎಂದರೆ ಮುಗಿಯಿತು. ಗಂಡೋ ಹೆಣ್ಣೋ ಎಂದು ಆ ಪದ ಕೇಳುವುದಿಲ್ಲ. ಬಾಲ್ಯದ ಕಥೆ ಮುಗಿದ ಮೇಲೆ ನಾವೂ ಹಾಗೆಯೇ ಕರೆಯುತ್ತೇವೆ.

ಕಾರ್ಕ್ ಪಟ್ಟಣದ ಹುಡುಗಿ

ಐರ್ಲೆಂಡಿನ ಕಾರ್ಕ್ ಪಟ್ಟಣದಲ್ಲಿ 1789ರ ಸುಮಾರಿಗೆ ಜೆರೆಮಯಾ ಬಲ್ಕ್ಲಿ ಮತ್ತು ಮೇರಿ ಆ್ಯನ್ ದಂಪತಿಗೆ ಹುಟ್ಟಿದ ಹೆಣ್ಣುಮಗು ಮಾರ್ಗರೆಟ್. ತಂದೆ ಪಟ್ಟಣದ ಸರಕು ತೂಗುವ ಕಟ್ಟೆಯಲ್ಲಿ ನೌಕರಿಯಲ್ಲಿದ್ದವರು. ಕೆಲಸ ಹೋಯಿತು, ಸಾಲ ಬೆಳೆಯಿತು, ಕೊನೆಗೆ ಸಾಲಗಾರರ ಜೈಲು ಸೇರಿದರು. ಇದ್ದಬದ್ದ ಹಣವೆಲ್ಲ ಅಣ್ಣ ಜಾನ್‌ನ ತರಬೇತಿಗೆ, ಮದುವೆಗೆ ಖರ್ಚಾಗಿತ್ತು. ತಾಯಿಗೂ ಮಗಳಿಗೂ ಉಳಿದದ್ದು ಏನೂ ಇಲ್ಲ. ಗಂಡುಮಗನಿಗೆ ಎಲ್ಲ, ಹೆಣ್ಣುಮಗಳಿಗೆ ಮಿಕ್ಕಿದ್ದು ಎಂಬ ಲೆಕ್ಕ ನಮಗೇನೂ ಹೊಸದಲ್ಲ.

ಆ ದಿನಗಳಲ್ಲಿ ಮಾರ್ಗರೆಟ್ ಅಣ್ಣನಿಗೆ ಬರೆದ ಒಂದು ಪತ್ರ ಉಳಿದಿದೆ. ತಾನು ಹೆಣ್ಣಾಗಿ ಹುಟ್ಟಿರದಿದ್ದರೆ ಸೈನ್ಯ ಸೇರುತ್ತಿದ್ದೆ ಎಂಬ ಅರ್ಥದ ಮಾತು ಅದರಲ್ಲಿದೆ. ಕೋಪದಲ್ಲಿ ಬಂದ ಮಾತಿರಬಹುದು. ಮುಂದೆ ಆದದ್ದನ್ನು ತಿಳಿದ ನಮಗೆ ಅದನ್ನು ಹಗುರವಾಗಿ ಓದಲಾಗುವುದಿಲ್ಲ.

ತಾಯಿಯ ಅಣ್ಣ ಜೇಮ್ಸ್ ಬ್ಯಾರಿ ಲಂಡನ್ನಿನಲ್ಲಿ ಹೆಸರಾಂತ ಚಿತ್ರಕಾರ, ರಾಯಲ್ ಅಕಾಡೆಮಿಯಲ್ಲಿ ಪ್ರಾಧ್ಯಾಪಕರಾಗಿದ್ದವರು. 1806ರಲ್ಲಿ ಅವರು ತೀರಿಕೊಂಡಾಗ ಬಂದ ಸ್ವಲ್ಪ ಹಣ ತಾಯಿ ಮಗಳಿಗೆ ಆಸರೆಯಾಯಿತು. ಹಣಕ್ಕಿಂತ ಹೆಚ್ಚಾಗಿ ಆಸರೆಯಾದದ್ದು ಸೋದರಮಾವನ ಗೆಳೆಯರ ಬಳಗ. ಸ್ಕಾಟ್ಲೆಂಡಿನ ಶ್ರೀಮಂತ, ಬಖನ್ನಿನ ಅರ್ಲ್ ಡೇವಿಡ್ ಸ್ಟೂವರ್ಟ್ ಅರ್ಸ್‌ಕಿನ್. ವೈದ್ಯ ಎಡ್ವರ್ಡ್ ಫ್ರಯರ್. ವೆನಿಜುವೆಲಾದ ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದ ಜನರಲ್ ಫ್ರಾನ್ಸಿಸ್ಕೊ ಡಿ ಮಿರಾಂಡಾ. ಹುಡುಗಿಯ ಬುದ್ಧಿ ಚುರುಕಾಗಿರುವುದು ಇವರಿಗೆ ಕಂಡಿತು. ಹೆಣ್ಣುಮಕ್ಕಳಿಗೆ ಬ್ರಿಟನ್ನಿನ ಯಾವ ವಿಶ್ವವಿದ್ಯಾಲಯದ ಬಾಗಿಲೂ ತೆರೆದಿರಲಿಲ್ಲ.

ಹಡಗು ಹತ್ತಿದ ಮೇಲೆ

1809ರ ನವೆಂಬರ್‌ನಲ್ಲಿ ತಾಯಿ ಮಗಳು ಲಂಡನ್ನಿನಿಂದ ಎಡಿನ್‌ಬರೊಗೆ ಹಡಗು ಹತ್ತಿದರು. ಅತ್ತ ಇಳಿದಾಗ ಮಾರ್ಗರೆಟ್ ಇರಲಿಲ್ಲ. ದಿವಂಗತ ಚಿತ್ರಕಾರರ ಸಹೋದರನ ಮಗ ಜೇಮ್ಸ್ ಬ್ಯಾರಿ ಇದ್ದರು. ಹೆತ್ತ ತಾಯಿ ಊರವರ ಕಣ್ಣಿಗೆ ಸೋದರತ್ತೆಯಾದರು. ತಾಯಿಯನ್ನು ನಾಲ್ಕು ಜನರೆದುರು ಅಮ್ಮಾ ಎಂದು ಕರೆಯುವ ಹಕ್ಕು ಅಂದೇ ಹೋಯಿತು. ಆಮೇಲೆ ಪೂರ್ಣ ಹೆಸರು ಜೇಮ್ಸ್ ಮಿರಾಂಡಾ ಸ್ಟೂವರ್ಟ್ ಬ್ಯಾರಿ ಎಂದಾಯಿತು. ನಡುವಿನ ಎರಡು ಹೆಸರೂ ನೆರವಾದ ಹಿರಿಯರವು.

ಆ ಡಿಸೆಂಬರ್‌ನಲ್ಲಿ ಬ್ಯಾರಿ ಲಂಡನ್ನಿನಲ್ಲಿದ್ದ ಮನೆಯ ವಕೀಲ ಡೇನಿಯಲ್ ರಿಯರ್ಡನ್‌ಗೆ ಒಂದು ಕಾಗದ ಬರೆದರು. ಕೆಳಗೆ ರುಜು ಗಂಡು ಹೆಸರಿನದು. ವಕೀಲರು ತಮ್ಮ ಕಡತದ ಅನುಕೂಲಕ್ಕೆ ಅದರ ಹೊರಗೆ ಕುಮಾರಿ ಬಲ್ಕ್ಲಿ ಎಂದು ಗುರುತು ಹಾಕಿಕೊಂಡರು. ವಕೀಲರ ಆ ಎರಡು ಪದ ಸುಮಾರು 200 ವರ್ಷ ಯಾರ ಕಣ್ಣಿಗೂ ಬೀಳದೆ ಕಡತದಲ್ಲಿ ಮಲಗಿದ್ದವು.

ಬ್ಯಾರಿ ಶ್ರದ್ಧೆಯಿಂದ ಓದಿದರು. ಅಂಗರಚನೆ, ಶಸ್ತ್ರಚಿಕಿತ್ಸೆ, ಹೆರಿಗೆ ಶಾಸ್ತ್ರ ಎಲ್ಲವನ್ನೂ ಕಲಿತರು. ತೊಡೆಸಂದಿನ ಹರ್ನಿಯಾ ಬಗ್ಗೆ ಲ್ಯಾಟಿನ್ ಭಾಷೆಯಲ್ಲಿ ಪ್ರಬಂಧ ಬರೆದರು. 1812ರಲ್ಲಿ ಕೊನೆಯ ಪರೀಕ್ಷೆಗೆ ಕೂರುವ ಹೊತ್ತಿಗೆ ವಿಶ್ವವಿದ್ಯಾಲಯದವರು ತಕರಾರು ತೆಗೆದರು. ಹೆಣ್ಣೆಂಬ ಅನುಮಾನದಿಂದಲ್ಲ. ಈ ಹುಡುಗ ತೀರ ಎಳೆಯ, ಇನ್ನೂ ವಯಸ್ಸಾಗಿಲ್ಲ ಎಂದು. ಬಖನ್ನಿನ ಅರ್ಲ್ ಮಧ್ಯೆ ಬಂದು ಮಾತನಾಡಿದ ಮೇಲೆ ಪರೀಕ್ಷೆಗೆ ಅವಕಾಶ ಸಿಕ್ಕಿತು.

ಪದವಿ ಪಡೆದು ವೆನಿಜುವೆಲಾಕ್ಕೆ ಹೋಗಿ, ಮಿರಾಂಡಾ ಕಟ್ಟಲಿರುವ ಹೊಸ ನಾಡಿನಲ್ಲಿ ಹೆಂಗಸಾಗಿಯೇ ವೈದ್ಯವೃತ್ತಿ ನಡೆಸುವುದು ಮೊದಲಿನ ಆಲೋಚನೆಯಾಗಿತ್ತು ಎಂದು ಜೀವನಚರಿತ್ರೆ ಬರೆದವರು ಊಹಿಸುತ್ತಾರೆ. ಆದರೆ ಅದೇ 1812ರಲ್ಲಿ ಮಿರಾಂಡಾ ಸೆರೆಯಾದರು. ಆ ದಾರಿ ಮುಚ್ಚಿತು. ಬ್ಯಾರಿ ಲಂಡನ್ನಿನಲ್ಲಿ ಆಸ್ಟ್ಲಿ ಕೂಪರ್ ಎಂಬ ದೊಡ್ಡ ಶಸ್ತ್ರವೈದ್ಯರ ಕೈಕೆಳಗೆ ಕಲಿತು, 1813ರ ಜುಲೈನಲ್ಲಿ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಪರೀಕ್ಷೆ ಪಾಸಾದರು. ಅದೇ ತಿಂಗಳು ಆಸ್ಪತ್ರೆ ಸಹಾಯಕರಾಗಿ ಸೇನೆಯ ನೇಮಕ ಆದೇಶ ಕೈಗೆ ಬಂತು. ಪದವಿ ಇತ್ತು, ಪ್ರಮಾಣಪತ್ರ ಇತ್ತು, ಶಿಫಾರಸು ಇತ್ತು. ನೆಪೋಲಿಯನ್ ವಿರುದ್ಧ ಯುದ್ಧ ನಡೆಯುತ್ತಿದ್ದ ಕಾಲ. ಸೇನೆಗೆ ಡಾಕ್ಟರು ಬೇಕಾಗಿತ್ತು. ಸೇನೆ ನೋಡಿದ್ದು ಕಾಗದ ಮತ್ತು ಕೈಗುಣ.

ಆ ಕಾಲದ ದಂಡಿಗೆ ಡಾಕ್ಟರು ಎಷ್ಟು ಮುಖ್ಯ ಎಂಬುದಕ್ಕೆ ನಮ್ಮ ಊರಿನದೇ ಸಾಕ್ಷಿ ಇದೆ. ಟಿಪ್ಪು ಪತನದ ನಂತರ ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟಿದ್ದ ಬ್ರಿಟಿಷ್ ದಂಡು ಅಲ್ಲಿನ ಸೊಳ್ಳೆ, ಜ್ವರದ ಕಾಟ ತಾಳಲಾರದೆ 1809ರಲ್ಲಿ ಬೆಂಗಳೂರಿಗೆ ಬಂತು. ಬೆಂಗಳೂರಿನವರು ಇಂದಿಗೂ ದಂಡು ಎನ್ನುವ ಪ್ರದೇಶ ಬೆಳೆದದ್ದು ಹಾಗೆ. ಗುಂಡಿಗಿಂತ ಹೆಚ್ಚು ಸೈನಿಕರನ್ನು ಕೊಂದದ್ದು ಜ್ವರ, ಆಮಶಂಕೆ, ಕಾಲರಾ. ಬ್ಯಾರಿ ಮುಂದಿನ ಬದುಕನ್ನೆಲ್ಲ ಈ ಶತ್ರುಗಳ ಎದುರು ಕಳೆದರು.

ಕೇಪ್‌ಟೌನ್‌ನ ಹನ್ನೆರಡು ವರ್ಷ

1816ರಲ್ಲಿ ಬ್ಯಾರಿ ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ಗೆ ಬಂದಿಳಿದರು. ಕೈಯಲ್ಲಿ ಗವರ್ನರ್ ಲಾರ್ಡ್ ಚಾರ್ಲ್ಸ್ ಸಾಮರ್‌ಸೆಟ್‌ಗೆ ಅರ್ಲ್ ಬರೆದ ಪರಿಚಯಪತ್ರ. ಕಾಯಿಲೆ ಬಿದ್ದಿದ್ದ ಗವರ್ನರ್ ಮಗಳನ್ನು ಗುಣಪಡಿಸಿದ ಮೇಲೆ ಆ ಮನೆಯ ವೈದ್ಯರೂ, ಗೆಳೆಯರೂ ಆದರು. 1822ರಲ್ಲಿ ವಸಾಹತಿನ ವೈದ್ಯಕೀಯ ಇನ್‌ಸ್ಪೆಕ್ಟರ್ ಹುದ್ದೆ ಸಿಕ್ಕಿತು.

ಬ್ಯಾರಿ ಸುಮ್ಮನೆ ಕೂರುವ ಅಧಿಕಾರಿಯಲ್ಲ. ಜೈಲಿಗೆ ಹೋದರು, ಕುಷ್ಠರೋಗಿಗಳ ಕೇಂದ್ರಕ್ಕೆ ಹೋದರು, ಮಾನಸಿಕ ಅಸ್ವಸ್ಥರನ್ನು ಕೂಡಿಹಾಕಿದ ಕೋಣೆಗಳಿಗೆ ಹೋದರು. ಕಂಡದ್ದನ್ನು ಕಂಡಹಾಗೆ ಬರೆದರು. ರೋಗಿಗಳಿಗೆ ಶುದ್ಧ ನೀರು, ಒಗೆದ ಬಟ್ಟೆ, ಒಳ್ಳೆಯ ಊಟ, ಗಾಳಿ ಬೆಳಕು ಬೇಕೆಂದು ಹಟ ಹಿಡಿದರು. ಕಲಿಯದವರು ಔಷಧಿ ಮಾರುವುದನ್ನು ತಡೆದರು. ಗುಲಾಮರಿಗೂ ಬಡವರಿಗೂ ಗವರ್ನರ್ ಮನೆಯವರಿಗೆ ಮಾಡಿದಷ್ಟೇ ನಿಗಾದಿಂದ ಚಿಕಿತ್ಸೆ ಮಾಡಿದರು. ಇದರಿಂದ ಅಧಿಕಾರಿಗಳೊಂದಿಗೆ ದಿನಬೆಳಗಾದರೆ ಜಗಳ. ಕೊನೆಗೆ 1825ರಲ್ಲಿ ಇನ್‌ಸ್ಪೆಕ್ಟರ್ ಹುದ್ದೆಯನ್ನೇ ರದ್ದು ಮಾಡಿದರು.

1826ರಲ್ಲಿ ಮುನಿಕ್ ಎಂಬ ಕುಟುಂಬದ ಹೆಂಗಸಿಗೆ ಹೆರಿಗೆ ಕಷ್ಟವಾಯಿತು. ಬ್ಯಾರಿ ಹೊಟ್ಟೆ ಕೊಯ್ದು ಮಗುವನ್ನು ತೆಗೆದರು. ಅರಿವಳಿಕೆ ಇನ್ನೂ ಬಂದಿರಲಿಲ್ಲ. ಗಾಯ ನಂಜಾಗದಂತೆ ತಡೆಯುವ ವಿದ್ಯೆಯೂ ಗೊತ್ತಿರಲಿಲ್ಲ. ಸಿಸೇರಿಯನ್ ಎಂದರೆ ತಾಯಿಯ ಆಸೆ ಬಿಟ್ಟಂತೆಯೇ ಎಂದಿದ್ದ ಕಾಲದಲ್ಲಿ ತಾಯಿಯೂ ಉಳಿದರು, ಮಗುವೂ ಉಳಿಯಿತು. ಬ್ಯಾರಿ ಹಣ ಮುಟ್ಟಲಿಲ್ಲ ಎನ್ನುತ್ತಾರೆ. ಮನೆಯವರು ಮಗುವಿಗೆ ಜೇಮ್ಸ್ ಬ್ಯಾರಿ ಮುನಿಕ್ ಎಂದು ಹೆಸರಿಟ್ಟರು. ಆ ಹೆಸರು ಬಳಗದಲ್ಲಿ ಮುಂದುವರಿದು, ಮುಂದೆ ದಕ್ಷಿಣ ಆಫ್ರಿಕಾದ ಪ್ರಧಾನಿಯಾದ ಜೇಮ್ಸ್ ಬ್ಯಾರಿ ಮುನಿಕ್ ಹರ್ಟ್‌ಜಾಗ್‌ವರೆಗೆ ಬಂತು.

ಕೇಪ್‌ಟೌನ್‌ನಲ್ಲಿಯೇ ಬ್ಯಾರಿಯವರ ಬದುಕಿನ ಅತಿ ಅಪಾಯದ ಗಳಿಗೆಯೂ ಬಂತು. 1824ರ ಜೂನ್‌ನಲ್ಲಿ ಊರಿನ ಬೀದಿಯಲ್ಲಿ ಯಾರೋ ಒಂದು ಭಿತ್ತಿಪತ್ರ ಅಂಟಿಸಿದರು. ಗವರ್ನರ್‌ಗೂ ಡಾಕ್ಟರಿಗೂ ದೈಹಿಕ ಸಂಬಂಧವಿದೆ ಎಂಬ ದೂರು ಅದರಲ್ಲಿತ್ತು. ಗಂಡಸರಿಬ್ಬರ ಅಂಥ ಸಂಬಂಧಕ್ಕೆ ಆಗಿನ ಬ್ರಿಟಿಷ್ ಕಾನೂನಿನಲ್ಲಿ ಗಲ್ಲುಶಿಕ್ಷೆ. ವಿಚಾರಣೆ ನಡೆಯಿತು, ಸಾಕ್ಷಿಗಳ ಹೇಳಿಕೆ ಪಡೆದರು, ಬರೆದವರ ಸುಳಿವು ಕೊಟ್ಟವರಿಗೆ ಬಹುಮಾನ ಘೋಷಿಸಿದರು. ಬರೆದವರು ಸಿಗಲಿಲ್ಲ.

ಬ್ಯಾರಿ ಸಿಕ್ಕಿಕೊಂಡಿದ್ದ ಇಕ್ಕಟ್ಟನ್ನು ಓದುಗರು ಗಮನಿಸಬೇಕು. ಗಂಡಸೆಂದು ಉಳಿದರೆ ನೇಣಿನ ಭಯ. ನಾನು ಹೆಂಗಸಾಗಿ ಹುಟ್ಟಿದವಳು ಎಂದರೆ ಆ ಆರೋಪದಿಂದ ಪಾರು. ಆದರೆ ಪದವಿ, ಹುದ್ದೆ, ಹೆಸರು ಎಲ್ಲವೂ ನೀರಿನ ಪಾಲು. ಒಂದು ಮಾತಿನಿಂದ ಜೀವದ ಭಯ ಕಳೆದುಕೊಳ್ಳಬಹುದಾಗಿದ್ದಾಗಲೂ ಬ್ಯಾರಿ ಆ ಮಾತು ಆಡಲಿಲ್ಲ.

ಹೆಂಗಸಿನಂಥ ದನಿ ಎಂದು ಹಿಂದಿನಿಂದ ಹಾಸ್ಯ ಮಾಡುವವರು ಇದ್ದೇ ಇದ್ದರು. ಅದಕ್ಕೆ ಉತ್ತರವೆಂಬಂತೆ ಬ್ಯಾರಿ ಎತ್ತರದ ಹಿಮ್ಮಡಿಯ ಬೂಟು ಹಾಕಿದರು, ಉದ್ದನೆಯ ಖಡ್ಗ ಕಟ್ಟಿದರು. ಮಾತು ಬಿರುಸಾಯಿತು. ಜೋಸಿಯಸ್ ಕ್ಲೂಟಿ ಎಂಬ ಅಧಿಕಾರಿಯೊಂದಿಗೆ ಪಿಸ್ತೂಲು ಹಿಡಿದು ದ್ವಂದ್ವಯುದ್ಧಕ್ಕೂ ನಿಂತರು. ಇಬ್ಬರೂ ಬದುಕಿದರು, ಆಮೇಲೆ ಸ್ನೇಹಿತರಾದರು.

ದ್ವೀಪದಿಂದ ದ್ವೀಪಕ್ಕೆ

ಆಮೇಲಿನ ಬದುಕೆಲ್ಲ ವರ್ಗಾವಣೆ. 1828ರಲ್ಲಿ ಮಾರಿಷಸ್. ಮರುವರ್ಷ ಸಾಮರ್‌ಸೆಟ್‌ಗೆ ಕಾಯಿಲೆ ಎಂದು ಕೇಳಿದ್ದೇ ತಡ, ರಜೆಯನ್ನೂ ಕೇಳದೆ ಹಡಗು ಹತ್ತಿ ಇಂಗ್ಲೆಂಡಿಗೆ ಬಂದರು. 1831ರಲ್ಲಿ ಅವರು ಸಾಯುವತನಕ ಪಕ್ಕದಲ್ಲಿದ್ದು ನೋಡಿಕೊಂಡರು. ಬಳಿಕ ಜಮೈಕಾ. 1836ರಲ್ಲಿ ಸೇಂಟ್ ಹೆಲೆನಾ. ಅಲ್ಲಿ ಆಸ್ಪತ್ರೆಗೆ ಬೇಕಾದ ಸಾಮಾನು ಕೊಡದ ಅಧಿಕಾರಿಗಳ ಮೇಲೆ ನೇರವಾಗಿ ಲಂಡನ್ನಿಗೇ ದೂರು ಬರೆದದ್ದಕ್ಕೆ ಸೇನಾ ನ್ಯಾಯಾಲಯ ಎದುರಿಸಬೇಕಾಯಿತು. ನಿರ್ದೋಷಿ ಎಂದು ತೀರ್ಪು ಬಂತು. ಮತ್ತೊಂದು ಜಗಳದಲ್ಲಿ ಬಂಧನಕ್ಕೊಳಗಾಗಿ ಇಂಗ್ಲೆಂಡಿಗೆ ಬರಬೇಕಾಯಿತು, ಹುದ್ದೆಯೂ ಒಂದು ಮೆಟ್ಟಿಲು ಇಳಿಯಿತು.

ಕೆಳಗಿಳಿದವರು ಮತ್ತೆ ಏರಿದರು. ವೆಸ್ಟ್ ಇಂಡೀಸ್ ದ್ವೀಪಗಳು, 1846ರಲ್ಲಿ ಮಾಲ್ಟಾ, ಅಲ್ಲಿ 1850ರ ಕಾಲರಾ. 1851ರಲ್ಲಿ ಗ್ರೀಸ್ ಕಡೆಯ ಕಾರ್ಫು ದ್ವೀಪ. ಕ್ರಿಮಿಯಾ ಯುದ್ಧ ಶುರುವಾದಾಗ ಬ್ಯಾರಿ ಗಾಯಾಳುಗಳನ್ನು ಕಾರ್ಫುಗೆ ಕಳಿಸಿ ಎಂದು ತಾವಾಗಿಯೇ ಕೇಳಿಕೊಂಡರು. ಬಂದವರಲ್ಲಿ ಬಹುಪಾಲು ಮಂದಿ ಗುಣವಾದರು. ಸಾಲದ್ದಕ್ಕೆ ತಮ್ಮ ರಜೆಯಲ್ಲಿ ಯುದ್ಧಭೂಮಿಗೇ ಹೋದರು. ಅಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಅವರನ್ನು ಸೈನಿಕರ ಎದುರಿಗೇ, ಕುದುರೆಯಿಂದ ಇಳಿಯದೆ ಗದರಿಸಿದರು. ಬದುಕಿನಲ್ಲಿ ಅಂಥ ಬೈಗುಳ ಬೇರೆ ಯಾರಿಂದಲೂ ತಿಂದಿಲ್ಲ ಎಂದು ನೈಟಿಂಗೇಲ್ ಎಷ್ಟೋ ವರ್ಷಗಳ ನಂತರವೂ ನೊಂದು ಬರೆದರು. ವಿಚಿತ್ರವೆಂದರೆ ಇಬ್ಬರ ಹೋರಾಟವೂ ಒಂದೇ ಆಗಿತ್ತು: ಆಸ್ಪತ್ರೆಯ ಸ್ವಚ್ಛತೆ. ಬ್ಯಾರಿ ಒಳ್ಳೆಯ ಡಾಕ್ಟರು. ಜೊತೆಗಿರಲು ಸುಲಭದ ಮನುಷ್ಯರಲ್ಲ.

1857ರಲ್ಲಿ ಕೆನಡಾಕ್ಕೆ ಆಸ್ಪತ್ರೆಗಳ ಇನ್‌ಸ್ಪೆಕ್ಟರ್ ಜನರಲ್ ಆಗಿ ಹೋದರು. ಬಿಸಿಲು ನಾಡುಗಳಲ್ಲಿ ಬದುಕು ಕಳೆದ, 70ರ ಹತ್ತಿರದ ಆ ಜೀವ ಮಾಂಟ್ರಿಯಲ್‌ನ ಹಿಮದಲ್ಲಿ ತುಪ್ಪಳ ಹೊದ್ದು ಕೆಂಪು ಜಾರುಬಂಡಿಯಲ್ಲಿ ಓಡಾಡುತ್ತಿತ್ತಂತೆ. ಅಲ್ಲಿಯೂ ಬ್ಯಾರಿ ಮೊದಲು ನೋಡಿದ್ದು ಸಾಮಾನ್ಯ ಸೈನಿಕನ ಪಾಡನ್ನು. ದಿನವೂ ಅದೇ ಬೇಯಿಸಿದ ಮಾಂಸ ತಿನ್ನುವವರಿಗೆ ಊಟದಲ್ಲಿ ಬದಲಾವಣೆ ಬೇಕೆಂದು ಬರೆದರು. ಹುಲ್ಲಿನ ಹಾಸಿಗೆ ತೆಗೆದು ಒಳ್ಳೆಯ ಹಾಸಿಗೆ ಕೊಡಿ ಎಂದರು. ಬ್ಯಾರಕ್ಕಿನಲ್ಲಿ ಎಲ್ಲರ ನಡುವೆ ಸಂಸಾರ ಮಾಡಬೇಕಿದ್ದ ಮದುವೆಯಾದ ಸೈನಿಕರಿಗೆ ಪ್ರತ್ಯೇಕ ವಸತಿ ಕೇಳಿದರು. ಚರಂಡಿ, ಕುಡಿಯುವ ನೀರು ಸರಿಪಡಿಸಿದರು. ತಮಗೆ ಸಂಸಾರವಿಲ್ಲದವರು ಇನ್ನೊಬ್ಬರ ಸಂಸಾರದ ಮರ್ಯಾದೆಗೆ ಜಗಳವಾಡಿದರು.

ತಾವು ಮಾತ್ರ ಮಾಂಸ ಮುಟ್ಟುತ್ತಿರಲಿಲ್ಲ, ಮದ್ಯ ಕುಡಿಯುತ್ತಿರಲಿಲ್ಲ. ಹಣ್ಣು, ತರಕಾರಿ, ಹಾಲೇ ಆಹಾರ. ಹಾಲಿಗಾಗಿ ಪ್ರಯಾಣದಲ್ಲಿ ಮೇಕೆಯೂ ಜೊತೆಗೆ ಇರುತ್ತಿತ್ತು ಎನ್ನುತ್ತಾರೆ. ಸೈಕಿ ಎಂಬ ಪುಟ್ಟ ನಾಯಿ, ನಂಬಿಗಸ್ತ ಕಪ್ಪು ಸೇವಕ. ಕುಟುಂಬವೆಂದರೆ ಇಷ್ಟೇ.

ಪರದೇಶದ ಒಂಟಿತನ ಈ ಪುಟ ಓದುವವರಿಗೆ ಗೊತ್ತು. ಕೊಲ್ಲಿಯ ಕ್ಯಾಂಪಿನಲ್ಲಿ ಎಂಟು ಜನರ ಕೋಣೆಯಲ್ಲಿದ್ದೂ ಒಂಟಿಯಾಗಿರುವುದು ಏನೆಂದು ಅಲ್ಲಿರುವವರಿಗೆ ಗೊತ್ತು. ಆದರೆ ಅವರಿಗೆ ಊರಿದೆ, ಕರೆ ಮಾಡಲು ಮನೆಯಿದೆ. ಬ್ಯಾರಿಯವರಿಗೆ ತಿರುಗಿ ಹೋಗಲು ಊರೇ ಇರಲಿಲ್ಲ. ಊರಿನಲ್ಲಿದ್ದ ಹೆಸರನ್ನೇ ಅವರು ಹಡಗಿನಲ್ಲಿ ಬಿಟ್ಟು ಇಳಿದಿದ್ದರು.

ಸಾವಿನ ನಂತರ

ಎದೆಯ ಕಾಯಿಲೆಯಿಂದ ಬಳಲಿದ ಬ್ಯಾರಿಯವರನ್ನು 1859ರಲ್ಲಿ ಅವರ ಇಚ್ಛೆಗೆ ವಿರುದ್ಧವಾಗಿ ನಿವೃತ್ತಿಗೊಳಿಸಿದರು. ಲಂಡನ್ನಿನ ಮಾರ್ಗರೆಟ್ ಬೀದಿಯ ಮನೆಯಲ್ಲಿ, ಆರು ವರ್ಷಗಳ ನಂತರ, ಆಮಶಂಕೆಯಿಂದ ತೀರಿಕೊಂಡರು. ಬದುಕೆಲ್ಲ ಹೋರಾಡಿದ ಶತ್ರುವಿನ ಕೈಯಲ್ಲೇ ಸಾವು. ತಾವು ಸತ್ತರೆ ಮೈಮೇಲಿನ ಬಟ್ಟೆ ತೆಗೆಯದೆ ಹಾಗೆಯೇ ಹೂಳಬೇಕೆಂದು ಹೇಳಿಟ್ಟಿದ್ದರು ಎಂಬ ಮಾತಿದೆ. ಅದು ನಡೆಯಲಿಲ್ಲ.

ಶವವನ್ನು ಅಣಿಗೊಳಿಸಿದ ಸೋಫಿಯಾ ಬಿಷಪ್ ಎಂಬಾಕೆ, ಮರಣಪತ್ರಕ್ಕೆ ರುಜು ಹಾಕಿದ್ದ ಡಾಕ್ಟರ್ ಮೆಕಿನನ್ ಅವರ ಬಳಿಗೆ ಹೋದಳು. ಅದು ಪೂರ್ಣ ಹೆಣ್ಣಿನ ದೇಹ, ಹೊಟ್ಟೆಯ ಮೇಲೆ ಮಗು ಹೆತ್ತ ಗುರುತೂ ಇತ್ತು ಎಂದಳು. ಬಾಯಿ ಮುಚ್ಚಿಕೊಂಡಿರಲು ಏನಾದರೂ ಸಿಗಬಹುದೆಂಬ ಆಸೆ ಆಕೆಗಿತ್ತು. ಸಿಗಲಿಲ್ಲ. ಆಗಸ್ಟ್ ತಿಂಗಳಲ್ಲಿ ಡಬ್ಲಿನ್, ಮ್ಯಾಂಚೆಸ್ಟರ್‌ಗಳ ಪತ್ರಿಕೆಗಳಲ್ಲಿ ಸುದ್ದಿ ಬಂತು. ಜನನ ಮರಣ ನೋಂದಣಿಯ ಮುಖ್ಯಸ್ಥರು ಮೆಕಿನನ್‌ಗೆ ಕಾಗದ ಬರೆದು ಸತ್ಯ ಕೇಳಿದರು. ಮೆಕಿನನ್ ಬ್ಯಾರಿಯವರನ್ನು ಎಷ್ಟೋ ವರ್ಷಗಳಿಂದ ಬಲ್ಲವರು. ಅವರು ಗಂಡೋ ಹೆಣ್ಣೋ ಎಂಬುದು ತಮಗೆ ಸಂಬಂಧಿಸಿದ ವಿಷಯವಲ್ಲ; ಸತ್ತವರು ತಾವು ಬಲ್ಲ ಬ್ಯಾರಿಯವರೇ ಎಂದು ಗುರುತಿಸುವುದಷ್ಟೇ ತಮ್ಮ ಕೆಲಸವಾಗಿತ್ತು ಎಂಬ ಅರ್ಥದ ಉತ್ತರ ಬರೆದರು. ಮರಣಪತ್ರದಲ್ಲಿ ಗಂಡು ಎಂದೇ ಉಳಿಯಿತು. ಕೆನ್ಸಲ್ ಗ್ರೀನ್ ಸ್ಮಶಾನದ ಕಲ್ಲಿನ ಮೇಲೆಯೂ ಡಾಕ್ಟರ್ ಜೇಮ್ಸ್ ಬ್ಯಾರಿ ಎಂಬ ಹೆಸರು, ಸೇನೆಯ ಹುದ್ದೆ ಇವೆ.

ಅದೇ 1865ರ ಸೆಪ್ಟೆಂಬರ್‌ನಲ್ಲಿ, ಬ್ಯಾರಿ ಸತ್ತು ಎರಡು ತಿಂಗಳಿಗೆ, ಎಲಿಜಬೆತ್ ಗ್ಯಾರೆಟ್ ಎಂಬ ಮಹಿಳೆ ಹೆಣ್ಣಾಗಿಯೇ ಲಂಡನ್ನಿನಲ್ಲಿ ವೈದ್ಯವೃತ್ತಿಯ ಪರವಾನಗಿ ಪಡೆದರು. ಬ್ಯಾರಿ ಓದಿದ ಎಡಿನ್‌ಬರೊ ವಿಶ್ವವಿದ್ಯಾಲಯಕ್ಕೆ ಏಳು ಮಂದಿ ಹೆಣ್ಣುಮಕ್ಕಳು ವೈದ್ಯಕೀಯ ಓದಲು 1869ರಲ್ಲಿ ಸೇರಿದರು. ಅವರಿಗೆ ಪದವಿ ಕೊಡಲು ಮಾತ್ರ ಆ ವಿಶ್ವವಿದ್ಯಾಲಯ ಒಪ್ಪಲಿಲ್ಲ. ಅರ್ಧ ಶತಮಾನದ ಹಿಂದೆಯೇ ತಾನು ಒಬ್ಬರಿಗೆ ಕೊಟ್ಟಿದ್ದೆ ಎಂಬುದನ್ನು ಅದು ನೆನೆಯಲಿಲ್ಲ.

1950ರ ದಶಕದಲ್ಲಿ ಇಸೊಬೆಲ್ ರೇ ಎಂಬ ಲೇಖಕಿ ಸೇನೆಯ ಕಡತಗಳನ್ನು ಹುಡುಕಿ ಮೊದಲ ಗಟ್ಟಿ ಜೀವನಚರಿತ್ರೆ ಬರೆದರು. ವಕೀಲರ ಕಡತದಲ್ಲಿ ಮಲಗಿದ್ದ ಕಾಗದಗಳನ್ನು ಈ ಶತಮಾನದಲ್ಲಿ ದಕ್ಷಿಣ ಆಫ್ರಿಕಾದ ನಿವೃತ್ತ ಶಸ್ತ್ರವೈದ್ಯ ಮೈಕೆಲ್ ಡು ಪ್ರೀಜ್ ಹೊರತೆಗೆದರು. ಕೈಬರಹ ತಜ್ಞರು ನೋಡಿ, ಮಾರ್ಗರೆಟ್ ಬರೆದ ಪತ್ರಗಳೂ ಬ್ಯಾರಿ ಬರೆದ ಪತ್ರಗಳೂ ಒಂದೇ ಕೈಯವು ಎಂದರು.

ಹಾಗಾದರೆ ಬ್ಯಾರಿ ಯಾರು? ಓದುವ ಆಸೆಗೆ ಗಂಡುವೇಷ ತೊಟ್ಟ ಹೆಣ್ಣುಮಗಳು ಎಂದು ಕೆಲವರು. ಇಂದಾಗಿದ್ದರೆ ಟ್ರಾನ್ಸ್ ಪುರುಷ ಎಂದು ಕರೆಯುತ್ತಿದ್ದೆವು ಎಂದು ಕೆಲವರು. ಹುಟ್ಟಿನಿಂದಲೇ ಅಂತರಲಿಂಗಿ ಆಗಿದ್ದಿರಬಹುದು ಎಂದು ಇನ್ನು ಕೆಲವರು. ನಮಗೆ ಕಾಣುವುದಿಷ್ಟು: ವೇಷ ಪದವಿಗಾಗಿಯೇ ಆಗಿದ್ದರೆ 1812ಕ್ಕೆ ಮುಗಿಯಬಹುದಿತ್ತು, ನೌಕರಿಗಾಗಿಯೇ ಆಗಿದ್ದರೆ ನಿವೃತ್ತಿಗೆ ಮುಗಿಯಬಹುದಿತ್ತು. ಗಲ್ಲಿನ ಭಯದಲ್ಲೂ, ಮುಪ್ಪಿನಲ್ಲೂ, ಸಾವಿನ ಹಾಸಿಗೆಯಲ್ಲೂ ಬ್ಯಾರಿ ಜೇಮ್ಸ್ ಬ್ಯಾರಿಯೇ ಆಗಿದ್ದರು. ಅವರು ಇಟ್ಟುಕೊಂಡ ಹೆಸರನ್ನು ನಾವು ಬದಲಿಸಬೇಕಾಗಿಲ್ಲ.

ಇಂದಿನ ಸೇನೆಗಳಲ್ಲಿ

ಬ್ಯಾರಿ ಸತ್ತು ಒಂದು ಶತಮಾನ ಕಳೆದ ಮೇಲೂ ಬ್ರಿಟಿಷ್ ಸೇನೆ ಸಲಿಂಗಿಗಳನ್ನು ಹುಡುಕಿ ಹುಡುಕಿ ಹೊರಹಾಕುತ್ತಿತ್ತು. ವಿಚಾರಣೆ, ಕೋಣೆಯ ಶೋಧ, ಪದಕ ಕಸಿದುಕೊಳ್ಳುವುದು, ಪಿಂಚಣಿ ನಷ್ಟ. 1999ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಇದು ತಪ್ಪೆಂದು ತೀರ್ಪು ಕೊಟ್ಟಿತು. 2000ದ ಜನವರಿ 12ರಂದು ನಿಷೇಧ ಹೋಯಿತು. 2018ರಿಂದ ಸೇನೆಯ ಎಲ್ಲ ಹುದ್ದೆಗಳೂ ಮಹಿಳೆಯರಿಗೆ ತೆರೆದಿವೆ. ಹಾಗೆ ಹೊರಹಾಕಿಸಿಕೊಂಡವರಲ್ಲಿ 2023ರ ಜುಲೈನಲ್ಲಿ ಬ್ರಿಟನ್ ಸಂಸತ್ತಿನಲ್ಲಿ ಸರ್ಕಾರದ ಪರವಾಗಿ ಕ್ಷಮೆ ಕೇಳಿದ ಪ್ರಧಾನಿ ಬೇರೆ ಯಾರೂ ಅಲ್ಲ, ಕರ್ನಾಟಕದ ಅಳಿಯ ರಿಷಿ ಸುನಕ್. ನಂತರದ ಸರ್ಕಾರ 2024ರಲ್ಲಿ ಅವರಿಗೆ ಪರಿಹಾರವಾಗಿ 7.5 ಕೋಟಿ ಪೌಂಡ್ ತೆಗೆದಿರಿಸಿತು.

ಕೆನಡಾ ಮತ್ತು ಆಸ್ಟ್ರೇಲಿಯಾ 1992ರಲ್ಲೇ ಇಂಥ ನಿಷೇಧ ತೆಗೆದವು. ಅಮೆರಿಕದಲ್ಲಿ ಸಲಿಂಗಿಗಳ ಮೇಲಿನ ನಿರ್ಬಂಧ 2011ರಲ್ಲಿ ಹೋಯಿತು. ಟ್ರಾನ್ಸ್ ಸೈನಿಕರ ವಿಷಯದಲ್ಲಿ ಸರ್ಕಾರ ಬದಲಾದಂತೆ ಆದೇಶ ಬದಲಾಗುತ್ತಿದೆ. ನಮ್ಮ ರಾಜ್ಯದ ಮಾತನ್ನೂ ಹೇಳಬೇಕು. ಮೀಸಲು ಪೊಲೀಸ್ ಕಾನ್‌ಸ್ಟೆಬಲ್ ನೇಮಕದ ಅರ್ಜಿಯಲ್ಲಿ ಗಂಡು, ಹೆಣ್ಣು ಎಂಬ ಎರಡೇ ಕಲಂ ಇದ್ದುದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿದ ಫಲವಾಗಿ, 2021ರ ಜುಲೈನಲ್ಲಿ ಕರ್ನಾಟಕ ಸರ್ಕಾರ ನೇಮಕಾತಿ ನಿಯಮ ತಿದ್ದಿ, ಲಿಂಗತ್ವ ಅಲ್ಪಸಂಖ್ಯಾತರಿಗೆ ಸರ್ಕಾರಿ ನೌಕರಿಯಲ್ಲಿ ಶೇ 1ರಷ್ಟು ಮೀಸಲಾತಿ ತಂದಿತು. ದೇಶದಲ್ಲಿ ಇಂಥ ಹೆಜ್ಜೆ ಇಟ್ಟ ಮೊದಲ ರಾಜ್ಯ ನಮ್ಮದು.

ಕಾನೂನು ಬದಲಾಗುವುದು ಒಂದು, ಮನೆ ಬದಲಾಗುವುದು ಇನ್ನೊಂದು. ಹೊರದೇಶದಲ್ಲಿರುವ ಮಕ್ಕಳು ವಾರಕ್ಕೊಮ್ಮೆ ವಿಡಿಯೊ ಕರೆ ಮಾಡುತ್ತಾರೆ. ಊಟ, ಚಳಿ, ವೀಸಾ, ಸಂಬಳ ಎಲ್ಲವೂ ಮಾತಿಗೆ ಬರುತ್ತವೆ. ಕೆಲವರಿಗೆ ಒಂದು ಮಾತು ಮಾತ್ರ ಪ್ರತಿ ಸಲವೂ ಗಂಟಲಲ್ಲೇ ಉಳಿಯುತ್ತದೆ. ಊರಿನಲ್ಲಿರುವ ಅಪ್ಪ ಅಮ್ಮ ಮದುವೆಯ ವಿಷಯ ಎತ್ತಿದಾಗ ಅವರು ನೆಟ್‌ವರ್ಕ್ ಸರಿಯಿಲ್ಲ ಎನ್ನುತ್ತಾರೆ. ಸಾವಿರಾರು ಮೈಲಿ ದೂರ ಹೋದದ್ದು ಸಂಬಳಕ್ಕಾಗಿ ಮಾತ್ರವಲ್ಲ ಎಂದು ಹೇಳಲು ಅವರಿಗೆ ಬಾಯಿ ಬರುವುದಿಲ್ಲ.

ಬ್ಯಾರಿ 46 ವರ್ಷ ಸೈನಿಕರ ನೀರು, ಊಟ, ಹಾಸಿಗೆಗಾಗಿ ಜಗಳವಾಡಿದರು. ಒಂದೇ ಒಂದು ನಿಯಮ ಅಂದು ಸರಿಯಾಗಿ ಜಾರಿಯಾಗಿದ್ದರೆ ಆ ಸೇವೆ ಸೇನೆಗೆ ಸಿಗುತ್ತಿರಲಿಲ್ಲ, ಕೇಪ್‌ಟೌನ್‌ನ ಆ ತಾಯಿಯೂ ಮಗುವೂ ಉಳಿಯುತ್ತಿರಲಿಲ್ಲ. ನಿಯಮಕ್ಕೆ ತಪ್ಪಿಸಿಕೊಂಡು ಅವರು ಸೇವೆ ಸಲ್ಲಿಸಿದರು. ಅದಕ್ಕೆ ತೆತ್ತ ಬೆಲೆ ಅಮ್ಮ, ಊರು, ಹೆಸರು, ಸಂಸಾರ. ನಮ್ಮ ಮಕ್ಕಳಲ್ಲಿ ಯಾರೂ ಅಷ್ಟು ಬೆಲೆ ತೆರುವಂತಾಗಬಾರದು. ಮುಂದಿನ ಸಲ ಕರೆ ಬಂದಾಗ ಆ ಕಡೆಯವರು ಮಾತು ನಿಲ್ಲಿಸಿದರೆ, ಈ ಕಡೆಯವರು ಸ್ವಲ್ಪ ಕಾಯಬಹುದು.